ಕಲ್ಲು ತಿರುಗುವ ಮೊದಲು

ಪಕ್ಕದ ಸೀಟಿನ ಹೆಂಗಸಿಗೆ ಸಂಶಯ ಬಂದಿದೆ. ಪೂವಮ್ಮನಿಗೆ ಅದು ಖಾತ್ರಿಯಾಯಿತು. ಸಿನೆಮಾ ಶುರುವಾದಾಗಿನಿಂದ ಆಕೆ ಪರದೆ ನೋಡಿದ್ದಕ್ಕಿಂತ ಪೂವಮ್ಮನ ಮುಖ ನೋಡಿದ್ದೇ ಹೆಚ್ಚು.

"ನಿಮಗೆ ಹೆದರಿಕೆ ಉಂಟಾ?" ಎಂದು ಆಕೆಯೇ ಕೇಳಿದಳು.

"ತುಂಬ ಉಂಟು," ಎಂದಳು ಪೂವಮ್ಮ. ಸುಳ್ಳೇನಲ್ಲ. ಸಿಕ್ಕಿಬಿದ್ದರೆ ಗತಿಯೇನೆಂದು ಬೆಳಗ್ಗಿನಿಂದ ಅವಳಿಗೆ ಅದೇ ಯೋಚನೆ.

"ನನಗೂ ಉಂಟು. ಮೈಮೂನಮ್ಮ ಅಂತ, ಜಾಲ್ಸೂರು. ನಾನು ಕರೆದ್ರೆ ಹೊರಟ ಬಸ್ಸು ಸಹ ನಿಲ್ತದೆ, ಅಂಥ ಸ್ವರ ನನ್ನದು. ಆದ್ರೂ ಇಂಥದ್ದಕ್ಕೆಲ್ಲ ಧೈರ್ಯ ಸಾಲುದಿಲ್ಲ ಮಾರಾಯ್ರೆ."

ಪಾಪದ ಹೆಂಗಸು, ನಿಜವಾದ ಪ್ರೇಕ್ಷಕಿ. ಪೂವಮ್ಮನಿಗೆ ನಾಚಿಕೆಯಾಯಿತು. ತಾನು ಮಾತ್ರ ಇಲ್ಲಿ ಕಳ್ಳಿ.

ತಪ್ಪೆಲ್ಲ ತಂಗಿಯ ಮಗ ಜಯಪ್ರಕಾಶನದ್ದು. ಜಾಲ್ಸೂರು, ನೆಟ್ಟಣ, ಕಡಬ ಅಂತ ಊರೂರು ತಿರುಗಿ, ಸಿಕ್ಕಿದವರ ಅಂಗಳದಲ್ಲೆಲ್ಲ ಕ್ಯಾಮರಾ ಇಟ್ಟು, ಊಟ ತಿಂಡಿಯನ್ನೂ ಅವರಲ್ಲೇ ಮುಗಿಸಿ ದೆವ್ವದ ಸಿನೆಮಾ ಮಾಡಿದ್ದ. ಶುಕ್ರವಾರ ಪುತ್ತೂರಿನಲ್ಲಿ ಬಿಡುಗಡೆಯಾಗಿತ್ತು. ಅದರ ಜೀವಾಳ ಒಂದು ದೃಶ್ಯ: ಖಾಲಿ ಅಡುಗೆಮನೆ, ದೀಪ ಆರುತ್ತದೆ, ಅರೆಯುವ ಕಲ್ಲು ತಾನಾಗಿ ತಿರುಗುತ್ತದೆ. ಮೊದಲ ಆಟದಲ್ಲೇ, ಎದೆ ಒಡೆಯಬೇಕಾದ ಆ ಜಾಗದಲ್ಲಿ ಯಾರೋ ಹಿಂದಿನಿಂದ, "ಉದ್ದು ಹಾಕಿ ಮಾರಾಯ್ರೆ, ದೋಸೆಯಾದ್ರೂ ಆದೀತು" ಎಂದ. ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ದೆವ್ವಕ್ಕೂ ಮರ್ಯಾದೆ ಇಲ್ಲದ ಕಾಲ.

ಟಾಕೀಸಿನ ಯಜಮಾನ ಅಹ್ಮದ್ ಕುಂಞಿ ಕಡ್ಡಿ ಮುರಿದ ಹಾಗೆ ಹೇಳಿದರಂತೆ: "ಪೋಸ್ಟರ್ ಸುಳ್ಳು ಹೇಳ್ತದೆ, ಜನ ಹೇಳುದಿಲ್ಲ. ಆದಿತ್ಯವಾರ ಮ್ಯಾಟಿನಿಗೆ ನಾನೇ ಕೂರ್ತೇನೆ. ಜನ ಹೆದರಿದ್ರೆ ಇನ್ನೊಂದು ವಾರ ಇಡುವ. ಇಲ್ಲದಿದ್ರೆ ಸೋಮವಾರ ನಿನ್ನ ಸಿನೆಮಾ ನಿನಗೆ."

ಮರುದಿನವೇ ಹುಡುಗ ಅರಂತೋಡಿಗೆ ಬಂದು ದೊಡ್ಡಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕಣ್ಣು ಕೆಂಪಾಗಿತ್ತು.

"ಹೆದರಿಕೆ ಪರದೆಯಲ್ಲಿ ಇರುದಲ್ಲ ದೊಡ್ಡಮ್ಮ. ಅದು ಇರುದು ಪಕ್ಕದ ಸೀಟಿನಲ್ಲಿ. ಒಬ್ಬರು ಕಿರುಚಿದ್ರೆ ಸಾಕು, ಉಳಿದವರಿಗೆ ತನ್ನಿಂದ ತಾನೇ ಹಿಡಿತದೆ. ನೀವು ಗುಡ್ಡದ ಆಚೆಯವರನ್ನು ಚಾಯಕ್ಕೆ ಕರೀಲಿಕ್ಕೆ ಒಂದು ಕೂ ಹಾಕ್ತೀರಲ್ಲ, ಅದನ್ನೇ ಹಾಕಿ. ಕಲ್ಲು ತಿರುಗಿದ ಕೂಡಲೇ. ಯಾರಿಗೂ ಹೇಳುದು ಬೇಡ, ದೊಡ್ಡಪ್ಪನಿಗೂ."

ಗಂಟಲಿಗೆಂದು ಒಂದಿಷ್ಟು ಕಲ್ಲುಸಕ್ಕರೆಯನ್ನು ಸಿನೆಮಾದ ಹಸಿರು ನೋಟೀಸಿನಲ್ಲೇ ಪೊಟ್ಟಣ ಕಟ್ಟಿ ಕೊಟ್ಟ. ಅವನನ್ನು ಎತ್ತಿ ಆಡಿಸಿದವಳು ಪೂವಮ್ಮ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮದುವೆಮನೆಗೆಂದು ಸುಳ್ಳು ಹೇಳಿ, ಅದಕ್ಕೆ ತಕ್ಕ ಸೀರೆಯನ್ನೂ ಉಟ್ಟು ಬಸ್ಸು ಹತ್ತಿದಳು.

ಪರದೆಯ ಮೇಲೆ ಅಡುಗೆಮನೆ ಬಂತು.

ಟಾಕೀಸು ತುಂಬಿತ್ತು, ಆದರೆ ಒಬ್ಬನ ಕೆಮ್ಮೂ ಇಲ್ಲ. ಎದುರಿನ ಸಾಲಿನಲ್ಲಿ ಸುಳ್ಯದ ಚನಿಯಪ್ಪ. ಪರಿಚಯದವನೇ. ಬಾಯಿಬಲದಿಂದಲೇ ತೋಟದ ಮಂಗಗಳನ್ನು ಓಡಿಸುವ ಆಸಾಮಿ. ಅವನೂ ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಉಸಿರು ಎಳೆದುಕೊಂಡು ಕೂತಿದ್ದ. ಅವನಿಗೇ ಹೀಗಾದರೆ ಸಿನೆಮಾ ಅಷ್ಟೇನೂ ಕೆಟ್ಟದ್ದಿರಲಾರದು ಅನ್ನಿಸಿತು ಪೂವಮ್ಮನಿಗೆ. ಬಾಗಿಲ ಬಳಿ ಅಹ್ಮದ್ ಕುಂಞಿಯವರ ಕೈಯಲ್ಲಿ ಬೀಗದ ಕೈ ಗೊಂಚಲು.

ದೀಪ ಆರಿತು.

ಕಲ್ಲು ಇನ್ನೂ ಅಲುಗಿರಲಿಲ್ಲ. ಆದರೆ ಪೂವಮ್ಮನಿಗೆ ತಡೆಯಲಾಗಲಿಲ್ಲ. ಅರಂತೋಡಿನ ಗುಡ್ಡಗಳನ್ನೆಲ್ಲ ಒಟ್ಟಿಗೆ ಕರೆಯುವ ಹಾಗೆ ಒಂದು ಕೂ ಹಾಕಿಬಿಟ್ಟಳು.

ಅದೇ ಉಸಿರಿಗೆ ಇಡೀ ಟಾಕೀಸು ಕೂಗಿತು. ಮೈಮೂನಮ್ಮ ಕೂಗಿದಳು, ಚನಿಯಪ್ಪ ಕೂಗಿದ, ಬಾಲ್ಕನಿ ಕೂಗಿತು. ತಗಡಿನ ಮಾಡು ಗಡಗಡ ಎಂದಿತು. ಕಲ್ಲು ತಿರುಗಲು ಶುರುವಾದದ್ದು ಆಮೇಲೆ. ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಇಷ್ಟು ಜನ ಸುಮ್ಮನೆ ಕೂಗಿಯಾರೇ? ಪೂವಮ್ಮನಿಗೆ ನಿಜವಾಗಿಯೂ ಹೆದರಿಕೆ ಹತ್ತಿತು. ತನಗೆ ಕಾಣದ್ದೇನೋ ಇವರಿಗೆಲ್ಲ ಕಂಡಿದೆ. ಅವಳು ಕಾಲೆತ್ತಿ ಸೀಟಿನ ಮೇಲಿಟ್ಟು ಮೈಮೂನಮ್ಮನ ಕೈ ಹಿಡಿದಳು. ಆಕೆಯೂ ಬಿಡಲಿಲ್ಲ. ಆಮೇಲೆ ನಟನೆಯ ಪ್ರಶ್ನೆಯೇ ಬರಲಿಲ್ಲ. ಬಾಗಿಲು ಕಿರುಗುಟ್ಟಿದರೆ ಕೂಗು, ಬೆಕ್ಕು ಬಂದರೆ ಕೂಗು, ಕೊನೆಗೆ ಹೆಸರುಗಳು ಓಡುವಾಗಲೂ ಯಾರೋ ಕೂಗಿದರು. ನಡುನಡುವೆ ಬಾಗಿಲ ಕಡೆಯಿಂದ ಬೀಗದ ಕೈಗಳು ಗಿಲಿಗಿಲಿ ನಡುಗುವ ಸದ್ದು.

ದೀಪ ಹತ್ತಿದಾಗ ಅಹ್ಮದ್ ಕುಂಞಿ ಗೋಡೆಗೆ ಅಂಟಿಕೊಂಡು ನಿಂತಿದ್ದರು. "ಎರಡು ವಾರ," ಎಂದರು ಜಯಪ್ರಕಾಶನಿಗೆ. "ಆದ್ರೆ ಇನ್ನು ನಾನು ಒಳಗೆ ಕೂರುದಿಲ್ಲ."

ಸುಳ್ಯದ ಬಸ್ಸಿನಲ್ಲಿ ಪೂವಮ್ಮನಿಗೆ ಕುಳಿತಲ್ಲೇ ಕುಣಿಯುವಷ್ಟು ಖುಷಿ. ಒಂದೇ ಒಂದು ಕೂ, ಇಡೀ ಟಾಕೀಸು ನಡುಗಿತಲ್ಲ. ಹುಡುಗ ಗೆದ್ದ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ, ಆದರೆ ಹೇಳುವ ಹಾಗಿಲ್ಲ. ಹೇಳೋಣವೆಂದರೆ ಸ್ವರವೂ ಹೋಗಿದೆ. ತನ್ನ ಪೊಟ್ಟಣ ಇಂಟರ್ವಲ್‌ಗೇ ಮುಗಿದಿತ್ತು. ಅವಳು ಕೆಮ್ಮಿದಳು.

ಪಕ್ಕದಲ್ಲಿದ್ದ ಮೈಮೂನಮ್ಮ ಕನಿಕರದಿಂದ ನೋಡಿ, ಚೀಲದೊಳಗೆ ಕೈ ಹಾಕಿ, ಒಂದು ಹಸಿರು ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು.

"ಕಲ್ಲುಸಕ್ಕರೆ. ಗಂಟಲಿಗೆ ಒಳ್ಳೆದು," ಎಂದಳು. ಅವಳ ಸ್ವರವೂ ಹೋಗಿತ್ತು. "ಎಲ್ಲಿಂದ ಅಂತ ಮಾತ್ರ ಕೇಳ್ಬೇಡಿ ಅಕ್ಕ. ಹೇಳುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

ಪೂವಮ್ಮ ಪೊಟ್ಟಣವನ್ನು ನೋಡಿದಳು. ಮೈಮೂನಮ್ಮನನ್ನು ನೋಡಿದಳು. ಹಿಂದಿನ ಸೀಟಿನಲ್ಲಿ ಚನಿಯಪ್ಪ ಏನೋ ಕಟುಂ ಎಂದು ಕಡಿದ. ಅವನ ಹಿಂದೆ ಇನ್ನೊಂದು ಕಟುಂ. ಆಮೇಲೆ ಡ್ರೈವರನ ಬೆನ್ನಿನಿಂದ ಹಿಂಬಾಗಿಲಿನ ತನಕ, ಗಂಟಲು ಒಡೆದ ಆ ಬಸ್ಸಿನ ತುಂಬ, ಹಸಿರು ಕಾಗದದ ಪರಪರ.

ಆ ಮ್ಯಾಟಿನಿಗೆ ಬಂದಿದ್ದ ಪ್ರೇಕ್ಷಕರು ಅಹ್ಮದ್ ಕುಂಞಿ ಒಬ್ಬರೇ.