ಶೋರೂಂ ಮುಂದಿನ ಬಸ್ ಸ್ಟಾಪ್

ತಂಗಿಯ ಊರಿನಿಂದ ವಾಪಸ್ ಬರುತ್ತಿದ್ದ ನಾಗಭೂಷಣ ಅವರ ಕಾರು ಹೊಸಕೆರೆಹುಂಡಿಯ ಹತ್ತಿರ ಕೆಟ್ಟು ನಿಂತಿತು...

ಮೈಸೂರು ಇನ್ನೂ ಹದಿನೆಂಟು ಕಿಲೋಮೀಟರ್. ಹತ್ತು ಗಂಟೆಗೆ ಅವರು ತಮ್ಮ ಲೈಟ್-ಫ್ಯಾನ್ ಶೋರೂಂನಲ್ಲಿ ಇರಲೇಬೇಕಿತ್ತು.

ಶೋರೂಂ ಮುಂದಿನ ಬಸ್ ಸ್ಟಾಪ್ ಎತ್ತಿಸಬೇಕೆಂದು ಅವರು ಅರ್ಜಿ ಕೊಟ್ಟಿದ್ದರು. ಅಧಿಕಾರಿ ಸ್ಥಳ ನೋಡಲು ಬರುವ ದಿನ ಅದು.

"ಯಾವಾಗ್ಲೂ ಬಾಗಿಲ ತುಂಬ ಜನ... ಗಿರಾಕಿ ಒಳಗೆ ಬರೋದು ಹೇಗೆ?" ಎಂಬುದು ಅವರ ದೂರು.

ಮೆಕ್ಯಾನಿಕ್ ಫೋನಿನಲ್ಲಿ, "ಮಧ್ಯಾಹ್ನದ ಒಳಗೆ ಬರೋಕಾಗಲ್ಲ ಸಾರ್" ಅಂದುಬಿಟ್ಟ. ಆಟೋದ ಸುಳಿವೇ ಇಲ್ಲ.

ಅಷ್ಟರಲ್ಲಿ ಬಸ್ಸು ಬಂತು... ಇಪ್ಪತ್ತು ವರ್ಷಗಳ ನಂತರ ನಾಗಭೂಷಣ ಬಸ್ಸು ಹತ್ತಿದರು.

ಕಾಲೇಜಿಗೆ ಹೊರಟ ಹುಡುಗಿಯರು, ಹೂವಿನ ಬುಟ್ಟಿ ಹಿಡಿದವರು, ಗಾರೆ ಕೆಲಸದವರು... ಬಸ್ಸು ತುಂಬಿ ತುಳುಕುತ್ತಿತ್ತು.

ಕಿಟಕಿ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸರಿದು ಜಾಗ ಮಾಡಿಕೊಟ್ಟರು. ಹೆಸರು ಚಿಕ್ಕತಾಯಮ್ಮ.

"ಎಲ್ಲಿಗಮ್ಮ ಹೊರಟಿದ್ದೀರಿ?"

"ಆಸ್ಪತ್ರೆಗೆ ಕನಪ್ಪ. ಎರಡೂ ಕಿಡ್ನಿ ಹೋಗವೆ... ವಾರಕ್ಕೆ ಎರಡ್ ಸಲ ಮಿಷನ್‌ಗೆ ಹಾಕಿ ರಕ್ತ ತೊಳೀತಾರೆ."

"ಜೊತೆಗೆ ಯಾರೂ ಬರಲ್ವಾ?"

"ಮಗ, ಸೊಸೆ ಕೂಲಿಗೆ ಹೋಯ್ತಾರೆ. ಮೊದ್ಲು ಬಸ್ಸಿರ್ನಿಲ್ಲ. ಯಾರದಾದ್ರೂ ಗಾಡಿ ಸಿಕ್ಕಿದ್ರೆ ಉಂಟು, ಇಲ್ದಿದ್ರೆ ಇಲ್ಲ... ತಪ್ಪಿಸಿದ್ ವಾರ ಮೈಯೆಲ್ಲ ಊದ್ಕತಿತ್ತು. ಹೋದ್ ವರ್ಸ ಈ ಬಸ್ಸು ಬಂತು ನೋಡು... ಒಂದಿನಾನೂ ತಪ್ಪಿಸಿಲ್ಲ. ಸೀದಾ ಆಸ್ಪತ್ರೆ ಗೇಟ್ ಹತ್ರಾನೇ ಇಳಿಸ್ತಾರೆ."

ನಾಗಭೂಷಣ ತಟ್ಟನೆ ಅಜ್ಜಿಯ ಕಡೆ ತಿರುಗಿದರು. ಆಸ್ಪತ್ರೆಯ ಗೇಟು ಇದ್ದದ್ದು ಅವರ ಶೋರೂಂನ ಪಕ್ಕದಲ್ಲೇ...

"ಬರುವಾಗ ಕಾಲೇ ಏಳಾಕಿಲ್ಲ ಕನಪ್ಪ. ಹೆಂಗೋ ಹತ್ತೆಜ್ಜೆ ಹಾಕಿ ಬಸ್ಸಿಗೆ ನಿಂತ್ಕತೀನಿ."

"ಅಲ್ಲಿ... ಅಂಗಡಿ ಮುಂದೆ ನೆರಳಿದೆಯಲ್ಲಮ್ಮ?" ಮೆಲ್ಲಗೆ ಕೇಳಿದರು.

"ಅದೆ. ನಾನಲ್ಲಿ ನಿಲ್ಲಾಕಿಲ್ಲ. ಬೇರೆಯವ್ರ್ಗೂ ಯೋಳ್ತೀನಿ... ಅಂಗಡಿಯವ್ರ ಬಾಗ್ಲಿಗೆ ಅಡ್ಡ ಆಯ್ತದೆ, ಬಿಸ್ಲಾದ್ರೂ ಆ ಕಡೆ ನಿಂತ್ಕಳ್ರವ್ವ ಅಂತ. ಪಾಪ... ಅವ್ರೂ ಹೊಟ್ಟೆಪಾಡ್ಗೆ ತಾನೆ ಅಂಗಡಿ ಮಡಗಿರಾದು?"



ಹತ್ತಕ್ಕೆ ಐದು ನಿಮಿಷ ಇರುವಾಗ ಬಸ್ಸು ಸ್ಟಾಪಿಗೆ ಬಂತು. ಅವರು ಅಜ್ಜಿಯ ಕೈ ಹಿಡಿದು ಇಳಿಸಿದರು.

ಶೋರೂಂನ ಕೆಲಸದ ಸುಗುಣಾ ಓಡಿ ಬಂದಳು. "ಸಾರ್, ಅಧಿಕಾರಿಗಳು ಆಗ್ಲೇ ಬಂದಿದ್ದಾರೆ!"

ಅಜ್ಜಿ ಒಮ್ಮೆ ಅಂಗಡಿ ನೋಡಿದರು... ಒಮ್ಮೆ ಅವರ ಮುಖ ನೋಡಿದರು.

"ನಿಂದಾ ಈ ಅಂಗಡಿ? ನಮ್ಮಿಂದ ತೊಂದ್ರೆ ಆಗಿದ್ರೆ ಬೇಜಾರ್ ಮಾಡ್ಕಬೇಡ ಮಗ..."

ನಾಗಭೂಷಣ ಅವರ ಕಣ್ಣು ತುಂಬಿ ಬಂತು. "ತೊಂದರೆ ಕೊಡೋಕೆ ಹೊರಟಿದ್ದು ನಾನಮ್ಮ... ಈ ಸ್ಟಾಪ್ ತೆಗೆಸೋಕೆ ಅರ್ಜಿ ಹಾಕಿರೋನು ನಾನೇ."

ಅಜ್ಜಿ ನಾಗಭೂಷಣ ಅವರ ಬೆನ್ನ ಮೇಲೆ ಕೈಯಿಟ್ಟರು.

"ಈಗ ಗೊತ್ತಾಯ್ತಲ್ಲ... ಹೋಗು, ಅವ್ರು ಕಾಯ್ತಾವ್ರೆ."

ಅಧಿಕಾರಿ ಫೈಲು ಬಿಚ್ಚಿದರು. "ಸ್ಟಾಪನ್ನ ಒಂದು ಕಿಲೋಮೀಟರ್ ಮುಂದಕ್ಕೆ ಹಾಕಬಹುದು ಸಾರ್. ನಿಮಗೆ ಒಪ್ಪಿಗೆನಾ?"

"ಬೇಡ ಸಾರ್... ಅರ್ಜಿ ವಾಪಸ್ ತಗೋತೀನಿ. ಇಲ್ಲೊಂದು ಬೆಂಚು ಹಾಕಿಸೋಕೆ ಅನುಮತಿ ಕೊಡಿ, ಸಾಕು."

ತಿಂಗಳೊಳಗೆ ಅಲ್ಲಿ ಉದ್ದನೆಯ ಎರಡು ಬೆಂಚು ಬಂದವು. ಅಂಗಡಿಯ ಮುಂದಿನ ಶೀಟು ಫುಟ್‌ಪಾತಿನವರೆಗೂ ನೆರಳು ಚಾಚಿತು.

ಗಿರಾಕಿ ಕಡಿಮೆಯಾದರೇ? ಇಲ್ಲ... ಬಸ್ಸಿಗೆ ಕಾಯುವವರೇ ಒಳಗೆ ಬಂದು, "ಸಾರ್, ಒಂದು ಬಲ್ಬ್ ಕೊಡಿ" ಎನ್ನತೊಡಗಿದರು.

ಮಂಗಳವಾರ, ಶುಕ್ರವಾರ ಮಧ್ಯಾಹ್ನ ಚಿಕ್ಕತಾಯಮ್ಮ ಈಗ ನೆರಳಲ್ಲಿ ಕೂತು ಸುಗುಣಾಳ ಜೊತೆ ಹರಟುತ್ತಾ ಬಸ್ಸಿಗೆ ಕಾಯುತ್ತಾರೆ...

ಊರಿಗೊಂದು ಬಸ್ಸು ಬಂದರೆ, ಎಷ್ಟೋ ಮನೆಗಳಿಗೆ ಉಸಿರು ಬಂದಂತೆ.

ನಿಮ್ಮ ಬಾಗಿಲ ಮುಂದೆ ದಿನಾ ಬಸ್ಸಿಗೆ ನಿಲ್ಲುವವರನ್ನು, "ಎಲ್ಲಿಗೆ ಹೊರಟಿದ್ದೀರಿ?" ಎಂದು ಒಮ್ಮೆಯಾದರೂ ಕೇಳಿದ್ದೀರಾ...?