ಟೀವಿಯಲ್ಲಿ ವಾರಗಿತ್ತಿ

ವಾರಗಿತ್ತಿಯ ಜೊತೆ ಮಾತು ಬಿಟ್ಟಾಗಲೆಲ್ಲ, ನಡುಮನೆಯ ಟೀವಿಯಲ್ಲಿ ಓಡುವ ಫೋಟೋಗಳಲ್ಲೂ ಅವಳ ಮುಖ ಪದ್ಮಾಕ್ಷಿಗೆ ಕಾಣಕೂಡದು. ಆ ಕೆಲಸ ಗಂಡ ನಾಗಭೂಷಣನದು. ತಮ್ಮನ ಸಂಸಾರದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಹೆಕ್ಕಿ ಬೇರೆ ಫೋಲ್ಡರಿಗೆ ಸಾಗಿಸಿ ಅವನಿಗೆ ಸಾಕಾಗಿತ್ತು. ಒಮ್ಮೆ ಮಾಡಿದ್ದನ್ನು ನೆನಪಿಟ್ಟುಕೊಂಡು ಮತ್ತೆ ತಾನೇ ಮಾಡುವ ಸಾಫ್ಟ್‌ವೇರ್ ಸಿಕ್ಕಾಗ ಬದುಕಿದೆಯಾ ಬಡಜೀವವೇ ಅನ್ನಿಸಿತು. ಹೊರಹಾಕುವುದಕ್ಕೆ 'ಜಗಳ', ವಾಪಸು ತರುವುದಕ್ಕೆ 'ರಾಜಿ' ಎಂದು ಹೆಸರಿಟ್ಟು ಉಳಿಸಿಕೊಂಡ.

ಮತ್ತೊಂದು ಜಗಳವಾಗಿ ಮಾತು ಬಿಟ್ಟಿದ್ದಾಗ, ಭಾನುವಾರ ವಾರಗಿತ್ತಿಯೇ ಗಂಡನನ್ನು ಕರೆದುಕೊಂಡು ಬಂದಳು. ಗೇಟಿನ ಸದ್ದಿಗೆ ಪದ್ಮಾಕ್ಷಿ ಗಾಬರಿಯಾದಳು.

"ಬೇಗ ವಾಪಸ್ ಹಾಕ್ರೀ! ಅವಳ ಮನೆಗೆ ಯಾವಾಗ ಹೋದ್ರೂ ಟೀವೀಲಿ ನಾವೇ ಇರ್ತೀವಿ. ನನ್ನ ಹಾಗಲ್ಲ, ದೊಡ್ಡ ಮನಸ್ಸು ಅವಳದು."

ನಾಗಭೂಷಣ ಕೋಣೆಗೆ ಓಡಿ 'ರಾಜಿ' ಒತ್ತಿದ. ವಾರಗಿತ್ತಿ ಒಳಗೆ ಬಂದಾಗ ಟೀವಿಯಲ್ಲಿ ಅವಳೇ ನಗುತ್ತಿದ್ದಳು. ನೋಡಿ ವಾರಗಿತ್ತಿಗೆ ಕಣ್ಣು ತುಂಬಿ ಬಂತು. ಹೆಂಗಸರಿಬ್ಬರೂ ಕೈ ಹಿಡಿದುಕೊಂಡು ಅಡುಗೆಮನೆಗೆ ನಡೆದರು.

ನಾಗಭೂಷಣ ತಿರುಗಿದರೆ, ಬೆನ್ನ ಹಿಂದೆಯೇ ತಮ್ಮ ನಿಂತು ಕಂಪ್ಯೂಟರ್ ನೋಡುತ್ತಿದ್ದ. 'ಜಗಳ', 'ರಾಜಿ' ಎರಡೂ ಎದ್ದು ಕಾಣುತ್ತಿದ್ದವು.

"ಏನಣ್ಣ ಇದು?"

"ಅದು... ನಿಮ್ಮ ಅತ್ತಿಗೆ ಸ್ವಭಾವ ನಿಂಗೆ ಗೊತ್ತಲ್ಲ..." ನಾಗಭೂಷಣ ಕಂಪ್ಯೂಟರಿಗೆ ಅಡ್ಡ ನಿಂತ.

"ಅಂದ್ರೆ, ಇದನ್ನ ಒತ್ತಿದ್ರೆ ನಾವು ಮಾಯ, ಅದನ್ನ ಒತ್ತಿದ್ರೆ ಹಾಜರು?"

"ತಪ್ಪು ತಿಳ್ಕೋಬೇಡ ಕಣೋ."

ತಮ್ಮ ಅಡುಗೆಮನೆಯತ್ತ ಒಮ್ಮೆ ಇಣುಕಿ, ಮೆಲ್ಲಗೆ ಕೋಣೆಯ ಬಾಗಿಲು ಮುಂದೆ ಮಾಡಿದ.

"ನಂಗೂ ಹಾಕ್ಕೊಡಣ್ಣ. ನೀವು ಬರ್ತೀರ ಅಂದಾಗಲೆಲ್ಲ ಒಂದೊಂದೇ ಫೋಟೋ ಹುಡುಕಿ ವಾಪಸ್ ಹಾಕೋಷ್ಟರಲ್ಲಿ ಕೈ ಬಿದ್ದುಹೋಗತ್ತೆ."