ಹೊಳೆಯಲ್ಲಿ ಹಾಕಿದ ರಂಗೋಲಿ

ಆ ವರ್ಷವೂ ಶ್ರೀಶೈಲದ ಯಾತ್ರೆಗೆ ಮನೆಗಳೇ ನಡೆದು ಹೊರಟಿದ್ದವು. ಮನೆಮಂದಿ ಒಳಗೆ ಕೂತಿದ್ದರು. ಕಲ್ಲಿನ ವಾಡೆಗಳೆಲ್ಲ ಕೃಷ್ಣೆಯನ್ನು ದಾಟಿದ್ದವು. ನಿಂಬೆವ್ವನ ಮಣ್ಣಿನ ಮಾಳಿಗೆ ಮನೆ ಮಾತ್ರ ಹೊಳೆಯ ನಡುವಿನ ಮರಳುದಿಬ್ಬದ ಮೇಲೆ ಕೂತುಬಿಟ್ಟಿತ್ತು. ನೀರು ಏರಿ ಬರುತ್ತಿತ್ತು.

"ಹೊಳ್ಯಾಗ ಯಾರರ ರಂಗೋಲಿ ಹಾಕ್ತಾರೇನ?" ಅತ್ತೆ ಗುರುಬಸವ್ವ ಪಡಸಾಲೆಯಿಂದ ಚೀರಿದಳು.

"ರೂಢಿ ಬಿದ್ದ ಕೈ ರೀ ಅತ್ತಿ. ಮುಂಜಾನೆ ಎದ್ದಾಕಿನ ಹಾಕಿಬಿಟ್ಟೆ."

ರಂಗೋಲಿ ಬಿದ್ದರೆ ಮನೆ ಅಲ್ಲೇ ಬೀಡುಬಿಟ್ಟಂತೆ. ಆ ದಿನವಿಡೀ ಏಳುವುದಿಲ್ಲ. ಸಾವಾದರೆ ಮಾತ್ರ ಅದನ್ನು ಅಳಿಸುತ್ತಾರೆ, ಆಗ ಮನೆ ಏಳುತ್ತದೆ. ಸುಮ್ಮನೆ ಅಳಿಸಿದರೆ ಮನೆ ಕದಲದು. ಗೋಡೆಯ ಬುಡದಲ್ಲಿ ಮಣ್ಣು ಕರಗತೊಡಗಿತು.

"ಅಳಿಸಿ ಒಳಗ ಬಾ." ಗುರುಬಸವ್ವ ಕಂಬಕ್ಕೆ ಒರಗಿ, ಹೆಣವನ್ನು ಕೂರಿಸಿದ ಹಾಗೆ ಕೂತು ಕಣ್ಣು ಮುಚ್ಚಿದಳು. "ನಾ ಸತ್ತೀನಿ. ಬಾಯಿ ಬಡ್ಕೊಂಡು ಅಳು. ಮನಿ ನಂಬಬೇಕು."

ನಿಂಬೆವ್ವ ರಂಗೋಲಿ ಅಳಿಸಿ ಒಳಗೆ ಬಂದು ಅತ್ತೆಯ ಮುಂದೆ ಕೂತಳು. ನೀರು ಹೊಸ್ತಿಲು ಮುಟ್ಟಿದಾಗ ಅಳು ತಾನಾಗಿ ಬಂತು. ತೊಲೆಗಳು ನರಳಿದವು. ಮನೆ ನಿಧಾನವಾಗಿ ಎದ್ದು, ಹೆಣ ಹೊತ್ತವರಂತೆ ಅಲುಗಿಸದೆ ಹೆಜ್ಜೆಯಿಟ್ಟು ದಡ ಹತ್ತಿತು.

ಗುರುಬಸವ್ವ ಕಣ್ಣು ತೆರೆದು ನಕ್ಕಳು. "ಖರೇನ ಸತ್ತಂಗ ಚೀರಿದೆಲ್ಲ!" ಎನ್ನುತ್ತ, ಜೋಮು ಹಿಡಿದ ಕಾಲು ಸಡಿಲಿಸಲು ಹೊರಗಿಳಿದಳು.

ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು. ಒಳಗೆ ನಿಂಬೆವ್ವ ಅಗುಳಿ ಎಳೆದಳು, ಕದ ಗುದ್ದಿದಳು, ಅದು ಜಗ್ಗಲಿಲ್ಲ.

"ನಾನವ್ವಾ, ತಗಿ," ಎಂದು ಗುರುಬಸವ್ವ, ಮದುವೆಯಾಗಿ ಬಂದಂದಿನಿಂದ ತಾನೇ ಸಾರಿಸಿದ ಗೋಡೆಯ ಮೇಲೆ ಕೈಯಿಟ್ಟಳು.

ಮನೆ ಬೆದರಿ ಒಂದು ಹೆಜ್ಜೆ ಹಿಂದೆ ಸರಿಯಿತು.